ಅಣ್ಣಮ್ಮನ ನಡುಕಟ್ಟು

ಮಗುವಿಗೆ ನೀರು ಹಾಕುವಾಗ ಅಣ್ಣಮ್ಮ ಕೂರುವುದನ್ನು ನೋಡಬೇಕು. ಬಚ್ಚಲಲ್ಲಿ ಮಣೆ ಹಾಕಿ, ಸೀರೆಯನ್ನು ಮಂಡಿಯವರೆಗೆ ಎತ್ತಿ ಸಿಕ್ಕಿಸಿಕೊಂಡು, ಎರಡೂ ಕಾಲನ್ನು ಮುಂದಕ್ಕೆ ಚಾಚಿ ಜೋಡಿಸುತ್ತಾರೆ. ಮಂಡಿಯ ಕೆಳಗೆ ಎರಡು ಕಾಲಿನ ನಡುವೆ ಒಂದು ತಗ್ಗು ಬೀಳುತ್ತದಲ್ಲ, ಅದೇ ಮಗುವಿನ ಹಾಸಿಗೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಜಯನಗರದ ಇದೇ ಮನೆಯ ಇದೇ ಬಚ್ಚಲಲ್ಲಿ, ಆ ತಗ್ಗಿನಲ್ಲಿ ನಾನು ಮಲಗಿದ್ದೆನಂತೆ. ಈಗ ನನ್ನ ಮಗಳು ಧೃತಿಯ ಸರದಿ.

ಬಾಣಂತನಕ್ಕೆ ಅಮ್ಮನ ಮನೆಗೆ ಬಂದ ಮೇಲೆ ನನ್ನ ದಿನಚರಿಯಲ್ಲಿ ಎರಡೇ ಸಂಗತಿ. ಒಂದು, ಧೃತಿ ಹಾಲು ಕುಡಿದದ್ದು, ಮಲಗಿದ್ದು. ಇನ್ನೊಂದು, ನನಗೆ ಎಣ್ಣೆ ತಿಕ್ಕುವಾಗ ಅಣ್ಣಮ್ಮ ಹೇಳಿದ್ದು. ಎಣ್ಣೆ ಕೈಯಲ್ಲಿ ಮಾತಾಡುವುದು ಅವರಿಗೆ ರೂಢಿ. ನಾನು ಕೂದಲಿಗೆ ಟವೆಲ್ ಸುತ್ತಿಕೊಂಡು, ಸಾಂಬ್ರಾಣಿ ಹೊಗೆ ಆರುವ ಮೊದಲೇ ಬರೆದಿಡುತ್ತಿದ್ದೆ. ಅದನ್ನೆಲ್ಲ ಒಂದು ಕಡೆ ಸೇರಿಸಿದರೆ ಅವರ ಕಥೆ ಹೀಗೆ.

ಅಣ್ಣಮ್ಮನ ಊರು ಬಿಳೇಕಹಳ್ಳಿ. ಅವರು ಮದುವೆಯಾಗಿ ಬಂದಾಗ ಅಲ್ಲಿ ಮನೆಯ ಹಿಂದೆಯೇ ಸೇವಂತಿಗೆ ಹೊಲ. ಮಕ್ಕಳಿಗೆ, ಬಾಣಂತಿಯರಿಗೆ ನೀರು ಹಾಕಲು ಅತ್ತೆ ಜಯನಗರಕ್ಕೆ ನಡೆದೇ ಬರುತ್ತಿದ್ದರು. ಸೊಸೆ ಹಿಂದಿನಿಂದ ಸೀಗೆಪುಡಿ ಡಬ್ಬಿ ಹಿಡಿದು ಬರುವುದು. ಅತ್ತೆಯ ಕಾಲು ಸೋತ ಮೇಲೆ ಮಣೆಯ ಮೇಲೆ ಸೊಸೆ ಕೂತರು. ಹೊಲ ಹೋಗಿ ನಾಲ್ಕು ಅಂತಸ್ತಿನ ಕಟ್ಟಡ ಬಂತು. ಮಗ ರೇವಂತ್ ಅದನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟು ನೋಡಿಕೊಳ್ಳುತ್ತಾನೆ. ಅವನಿಗೆ ತಾಯಿಯ ಕೆಲಸದ ಬಗ್ಗೆ ಒಂದೇ ತಕರಾರು.

“ಅಮ್ಮ, ನೀನೀಗ ಓನರ್ ಕಣಮ್ಮ. ಬೇರೆಯವರ ಮಕ್ಕಳ ಅಂಡು ತೊಳೆಯೋಕೆ ಯಾಕೆ ಬಸ್ ಹತ್ತಬೇಕು?”

“ನಿನ್ನ ಅಂಡು ತೊಳೆಯೋವಾಗ ಯಾರೂ ಕೇಳ್ಲಿಲ್ಲ ಬಿಡು,” ಅಂದು ಅಣ್ಣಮ್ಮ ಬಸ್ ಹತ್ತುತ್ತಿದ್ದರು.

ಹಣದ ಮಾತೇ ಅಲ್ಲ ಅದು. ಯಾರದೋ ಮದುವೆ ಮನೆಯಲ್ಲಿ ಮೀಸೆ ಬಂದ ಹುಡುಗನೊಬ್ಬ ಕಂಡರೆ, “ಇವನ ತಲೆ ಒಂದ್ ಕಡೆ ಚಪ್ಪಟೆ ಇತ್ತು, ತಿಕ್ಕಿ ತಿಕ್ಕಿ ದುಂಡಗೆ ಮಾಡಿದ್ದು ನಾನು,” ಅನ್ನುವ ಮನುಷ್ಯೆ ಅವರು. ಬಿಟಿಎಂ ಲೇಔಟಿನಿಂದ ಬನಶಂಕರಿಯವರೆಗೆ ಅವರ ಕೈ ಹಾದು ಹೋದ ಮೈಗಳಿವೆ.

ಆ ಕೈ ಕಳೆದ ಮಾಘ ಮಾಸದಲ್ಲಿ ಕೆಟ್ಟಿತು.

ಕುಮಾರಸ್ವಾಮಿ ಲೇಔಟಿನಲ್ಲಿ ವಸಿಷ್ಠ ಅಂತ ಎರಡು ತಿಂಗಳ ಗಂಡುಮಗು. ಬೆನ್ನು ತೊಳೆದು ಮಗುಚುವ ಹೊತ್ತಿಗೆ ಮಗು ಸೋಪಿನ ನೊರೆಯಲ್ಲಿ ಕೈಯಿಂದ ಜಾರಿತು. ಅಣ್ಣಮ್ಮ ತಕ್ಷಣ ಮಂಡಿ ಎರಡನ್ನೂ ಬಿಗಿದು, ಅದರ ಕಣಕಾಲು ಹಿಡಿದು ತಡೆದರು. ಮಗುವಿಗೆ ಏನೂ ಆಗಲಿಲ್ಲ, ಅದು ಅಳಲೂ ಇಲ್ಲ. ಆದರೆ ಮಗುವಿನ ಅಜ್ಜಿ ಬಾಗಿಲಲ್ಲಿ ನಿಂತಿದ್ದರು. ಮಾರನೆಯ ದಿನ ಫೋನ್ ಬಂತು. “ನಾಳೆಯಿಂದ ನಾವೇ ನೋಡ್ಕೋತೀವಿ ಅಣ್ಣಮ್ಮ.”

ಒಂದು ಮನೆ ತಪ್ಪಿದ್ದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ. ಅದರ ನಂತರ ಬಿಟಿಎಂನಲ್ಲಿ ಒಂದು ಹೆಣ್ಣುಮಗುವಿಗೆ ನೀರು ಹಾಕಲು ಕೂತಾಗ ಗೊತ್ತಾಯಿತಂತೆ. ಬೆರಳುಗಳು ಮಗುವಿನ ತೋಳನ್ನು ಹಿಡಿದವು, ಬಿಡಲಿಲ್ಲ. ನೀರು ಹಾಕುವವರ ಕೈ ಮಗುವನ್ನು ಹಿಡಿಯಬಾರದು, ಆಸರೆಯಾಗಿ ನಿಲ್ಲಬೇಕು ಅಷ್ಟೆ. ಹಿಡಿದರೆ ಮಗು ಮೈ ಬಿಗಿಯುತ್ತದೆ, ಅಳುತ್ತದೆ, ಅತ್ತರೆ ಇನ್ನೂ ಜಾರುತ್ತದೆ. ಆ ಮಗುವಿನ ತೋಳಿನ ಮೇಲೆ ನಾಲ್ಕು ಬೆರಳಿನ ಕೆಂಪು ಗುರುತು ನೋಡಿ, ಅಣ್ಣಮ್ಮ ತಾವೇ “ಮೈ ಸರಿಯಿಲ್ಲ ಕಣವ್ವ” ಅಂತ ಹೇಳಿ ಬಿಟ್ಟು ಬಂದರು.

ಮನೆಯಲ್ಲಿ ಸುಮ್ಮನೆ ಕೂರಲಿಲ್ಲ. ಒಂದು ಎಳೆ ಸೋರೆಕಾಯಿಗೆ ಎಣ್ಣೆ ಸವರಿ ಕಾಲಮೇಲಿಟ್ಟುಕೊಂಡು, ನೀರು ಹುಯ್ದು, ಮಗುಚಿ ಮಗುಚಿ ನೋಡಿದರು. ಸೊಸೆ ಶಾಲಿನಿ ಬಚ್ಚಲ ಬಾಗಿಲಲ್ಲಿ ಇಣುಕಿದಳು.

“ಅತ್ತೆ, ಅದು ಇವತ್ತಿನ ಸಾರಿಗೆ ತಂದಿದ್ದು.”

“ಸ್ನಾನ ಆಗಲಿ, ಕೊಡ್ತೀನಿ.”

ಶಾಲಿನಿ ನಕ್ಕಳು, ಇವರೂ ನಕ್ಕರು. ಆದರೆ ಸೋರೆಕಾಯಿಯ ಮೇಲೂ ಉಗುರಿನ ಗುರುತು ಮೂಡಿತ್ತು. “ಈ ಕೈ ಹೋದ್ರೆ ನಾನಿದ್ದು ಏನು ಮಾಡ್ಲಿ ಅನ್ನಿಸ್ತು ಮಗಾ,” ಅಂತ ನನ್ನ ಬೆನ್ನು ತಿಕ್ಕುತ್ತಾ ಹೇಳಿದರು. ನಾನು ಅವರ ಮುಖ ನೋಡುವ ಹಾಗಿರಲಿಲ್ಲ.

ಅವರನ್ನು ಉಸಿರಿನ ದಾರಿಗೆ ತಂದವರು ಜೆಪಿ ನಗರದ ಅನಂತರಾಮು ಅವರು. ಜಪಾನಿನ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದು, ಅಲ್ಲೇ ಬಹಳ ವರ್ಷ ಇದ್ದು, ಝೆನ್ ಬೌದ್ಧರ ಗುಡಿಯೊಂದರಲ್ಲಿ ಧ್ಯಾನಕ್ಕೆ ಕೂರುವುದನ್ನು ಕಲಿತು ಬಂದವರು. ಈಗ ಪ್ರತಿ ಭಾನುವಾರ ಬೆಳಿಗ್ಗೆ ಅವರ ಮನೆಯ ಮಹಡಿಯಲ್ಲಿ ಏಳೆಂಟು ಜನ ಸೇರಿ, ಗೋಡೆಗೆ ಮುಖ ಮಾಡಿ, ಒಂದೂ ಮಾತಾಡದೆ ಕೂರುತ್ತಾರೆ. ಅವರ ಮೊಮ್ಮಗಳು ತನ್ಮಯಿಗೆ ನೀರು ಹಾಕಿದ್ದು ಅಣ್ಣಮ್ಮ. ಹಾಗಾಗಿ ಕೈಯ ವಿಷಯ ಅವರ ಮಗಳು ಶ್ವೇತಾಗೆ ಗೊತ್ತಾಗಿ, ಅವಳಿಂದ ತಂದೆಗೆ ಹೋಯಿತು.

“ಬಂದು ಕೂತ್ಕೊಳಿ,” ಅಂದರಂತೆ ಅನಂತರಾಮು.

“ಕೂತ್ರೆ ಕೈ ಸರಿ ಹೋಯ್ತದಾ ಸಾರ್?”

“ಗೊತ್ತಿಲ್ಲ. ಕೂತ್ರೆ ಕೂತ ಹಾಗಾಗುತ್ತೆ.”

“ಅದಕ್ಕೆ ನಮ್ಮನೇಲಿ ಜಗಲಿ ಇಲ್ವಾ ಸಾರ್?”

ಆದರೂ ಹೋದರು. ಭತ್ತದ ಹೊಟ್ಟು ತುಂಬಿ ಹೊಲಿಸಿದ ದುಂಡನೆಯ ದಿಂಬು ಕೊಟ್ಟರು. ಬೆನ್ನು ನೆಟ್ಟಗೆ, ಕಣ್ಣು ಅರ್ಧ ತೆರೆದು, ನೋಟ ಕೆಳಗೆ. ಎಡಗೈಯನ್ನು ಬಲಗೈ ಮೇಲಿಟ್ಟು, ಹೊಕ್ಕುಳಿನ ಕೆಳಗೆ ಒಂದು ಬಟ್ಟಲಿನ ಹಾಗೆ. ಎರಡು ಹೆಬ್ಬೆರಳ ತುದಿ ನಡುವೆ ಒಂದು ಕಾಗದ ನಿಲ್ಲುವಷ್ಟು ಮಾತ್ರ ಸೋಕಬೇಕು. ಉಸಿರು ಒಳಗೆ ಬಂದಾಗ ಹೊಟ್ಟೆ ತಾನಾಗಿ ಉಬ್ಬಲಿ, ಹೊರಗೆ ಹೋಗುವಾಗ ನಿಧಾನವಾಗಿ ಇಳಿಯಲಿ. ಮನಸ್ಸು ಹೊಕ್ಕುಳಿನಿಂದ ಮೂರು ಬೆರಳು ಕೆಳಗೆ ಕೂತಿರಲಿ. ಜಪಾನಿನವರು ಆ ಜಾಗವನ್ನು ತಾಂದೆನ್ ಅನ್ನುತ್ತಾರಂತೆ. ಹೊರಗೆ ಹೋಗುವ ಒಂದೊಂದು ಉಸಿರಿಗೆ ಒಂದೊಂದು ಎಣಿಕೆ, ಹತ್ತಾದರೆ ಮತ್ತೆ ಒಂದು. ನಡುವೆ ತಪ್ಪಿದರೂ ಮತ್ತೆ ಒಂದು.

ಅಣ್ಣಮ್ಮ ನಾಲ್ಕು ಭಾನುವಾರ ಕೂತರು. ಮೂರಕ್ಕಿಂತ ಮುಂದೆ ಎಣಿಕೆ ಹೋಗಲಿಲ್ಲ. ಹೆಬ್ಬೆರಳುಗಳು ಒಂದನ್ನೊಂದು ಒತ್ತಿ ಗುಡ್ಡದ ಹಾಗೆ ಮೇಲೇಳುತ್ತಿದ್ದವು. ಉಸಿರು ಎದೆಯಲ್ಲೇ ನಿಂತು ಭುಜ ಏರಿಳಿಯುತ್ತಿತ್ತು. ಅನಂತರಾಮು ಹಿಂದಿನಿಂದ ನೋಡಿ, “ಹೊಟ್ಟೆ ಬಿಡಿ ಅಣ್ಣಮ್ಮ, ಹೊಟ್ಟೆ ಬಿಡಿ,” ಅನ್ನುತ್ತಿದ್ದರು. ಇವರು, “ಬಿಟ್ಟೇ ಇದೀನಿ ಸಾರ್,” ಅನ್ನುತ್ತಿದ್ದರು. ಗಂಡಸಾದ ಅವರು ಮುಟ್ಟಿ ನೋಡುವ ಹಾಗಿಲ್ಲ. ಕೊನೆಗೆ ಶ್ವೇತಾಳನ್ನು ಕರೆದರು. ಅವಳು ಅಣ್ಣಮ್ಮನ ಸೆರಗಿನೊಳಗೆ ಕೈಯಿಟ್ಟು ಹೊಟ್ಟೆ ಮುಟ್ಟಿದವಳು ಗಾಬರಿಯಾದಳು. ಹಲಗೆ ಮುಟ್ಟಿದ ಹಾಗಿತ್ತಂತೆ.

“ಏನಿದು ಅಣ್ಣಮ್ಮ?”

“ನಡುಕಟ್ಟು ಕಣವ್ವ.”

ಬಾಣಂತಿಯ ಹೊಟ್ಟೆಗೆ ಸುತ್ತುವ ಹತ್ತಿ ಬಟ್ಟೆ ಅದು. ಹಳೆ ಪಂಚೆಯನ್ನು ಉದ್ದಕ್ಕೆ ಮಡಿಸಿ, ಸೊಂಟದಿಂದ ಬಿಗಿದು ಸುತ್ತಿ ಗಂಟು ಹಾಕುವುದು.

“ನೀವ್ಯಾಕೆ ಕಟ್ಟಿದೀರ? ಯಾವಾಗಿಂದ?”

“ರೇವಂತ್ ಹುಟ್ಟಿದಾಗಿಂದ.”

ರೇವಂತನಿಗೆ ಮೂವತ್ತೆರಡು. ಗೋಡೆಗೆ ಮುಖ ಮಾಡಿ ಕೂತಿದ್ದ ಏಳೆಂಟು ಜನರಲ್ಲಿ ಮೊದಲು ಯಾರ ಭುಜ ಅಲುಗಿತೋ ಗೊತ್ತಿಲ್ಲ. ಅನಂತರಾಮು ಅವರೇ ನಕ್ಕುಬಿಟ್ಟ ಮೇಲೆ ಆವತ್ತಿನ ಮೌನ ಅಲ್ಲಿಗೇ ಮುಗಿಯಿತು.

ಮೂರು ತಿಂಗಳು ಕಟ್ಟಬೇಕು ಅಂತ ಅತ್ತೆ ಹೇಳಿದ್ದರು. ಮೂರು ತಿಂಗಳಾದ ಮೇಲೆ ಬಿಚ್ಚು ಅಂತ ಹೇಳಲಿಲ್ಲ. ಕೆಲಸಕ್ಕೂ ಅನುಕೂಲ, ಬಗ್ಗಿ ಏಳಲು ಸೊಂಟಕ್ಕೆ ಆಸರೆ. ಎಷ್ಟೋ ಬಾಣಂತಿಯರಿಗೆ ತಮ್ಮ ಕೈಯಾರೆ ಬಿಗಿದು, “ಹೊಟ್ಟೆ ಬಿಡಬೇಡ, ಒಳಗೆ ಎಳ್ಕೋ, ಇಲ್ಲಾಂದ್ರೆ ಮಡಕೆ ಆಯ್ತದೆ,” ಅಂತ ಹೇಳಿದ ಬಾಯಿ ಅದು.

ಅಂದಿನಿಂದ ಭಾನುವಾರದ ಬೆಳಿಗ್ಗೆ ನಡುಕಟ್ಟು ಬಿಚ್ಚಿಟ್ಟು ಹೋಗತೊಡಗಿದರು. ಮೊದಲ ದಿನ ಬಸ್ಸಿನಲ್ಲಿ ಸೊಂಟ ಕಳಚಿ ಬೀಳುತ್ತದೆ ಅನ್ನಿಸಿ ಕಂಬಿ ಹಿಡಿದೇ ನಿಂತಿದ್ದರಂತೆ. ಆದರೆ ದಿಂಬಿನ ಮೇಲೆ ಕೂತಾಗ ಉಸಿರು ಇಳಿಯಿತು. “ಮೆಟ್ಟಿಲು ಇಳ್ಕೊಂಡು ಹೋದಂಗೆ, ಒಂದ್ ಒಂದೇ. ಕೆಳಗೆ ಒಂದು ರೂಮೈತೆ ಅಂತ್ಲೇ ನಂಗೆ ಗೊತ್ತಿರ್ಲಿಲ್ಲ ಮಗಾ.” ಶ್ರಾವಣದ ಹೊತ್ತಿಗೆ ಎಣಿಕೆ ಹತ್ತು ಮುಟ್ಟಿತು. ಹೆಬ್ಬೆರಳು ಮಲಗಿದವು.

ಕೈ ಸರಿಹೋಯಿತು ಅಂದುಕೊಂಡರು. ಆದರೆ ಪರೀಕ್ಷೆ ಮಾಡಲು ಮಗು ಬೇಕಲ್ಲ. ಕುಮಾರಸ್ವಾಮಿ ಲೇಔಟಿನ ಸುದ್ದಿ ಆಗಲೇ ಎಲ್ಲ ಕಡೆ ಹರಡಿತ್ತು, ಯಾರೂ ಕರೆಯಲಿಲ್ಲ. ನಾನು ಕರೆದೆ.

ಅಮ್ಮ ಬೇಡ ಅಂದಿದ್ದಳು. ಅಮ್ಮನ ಹೆಸರು ಸೀತಾಲಕ್ಷ್ಮಿ. ಆ ವಸಿಷ್ಠನ ಅಜ್ಜಿ ಅಮ್ಮನ ಚಿಕ್ಕಮ್ಮನ ಮಗಳು. “ನಿನಗೆ ನೀರು ಹಾಕಿದಾಳೆ, ಇಲ್ಲ ಅನ್ನಲ್ಲ. ಆಗಿನ ಕೈ ಬೇರೆ ಪ್ರಿಯಾಂಕಾ. ಇದು ನಂಬಿಕೆ ಮಾತಲ್ಲ, ಮಗು ಮಾತು.”

“ಭಾನುವಾರ ಭಾನುವಾರ ಜೆಪಿ ನಗರದಲ್ಲಿ ಧ್ಯಾನಕ್ಕೆ ಕೂತು ಕೈ ಸರಿ ಮಾಡ್ಕೊಂಡಿದಾರಂತೆ. ಎರಡು ದಿನ ನೋಡೋಣಮ್ಮ. ನೀನೇ ಪಕ್ಕದಲ್ಲಿ ನಿಂತ್ಕೋ.”

“ಎರಡೇ ದಿನ,” ಅಂದಳು ಅಮ್ಮ. ಅದನ್ನು ಅಣ್ಣಮ್ಮನಿಗೂ ಬಾಗಿಲಲ್ಲೇ ಹೇಳಿದಳು. ಮುಚ್ಚುಮರೆ ಅಮ್ಮನಿಗೆ ಬರುವುದಿಲ್ಲ. ಅಣ್ಣಮ್ಮ, “ಆಗ್ಲಿ ಸೀತಮ್ಮೋರೆ,” ಅಂದು ಚಪ್ಪಲಿ ಬಿಟ್ಟರು.

ಧೃತಿಗೆ ಆಗ ಹದಿನೈದು ದಿನ. ಮೊದಲ ದಿನ ಎಣ್ಣೆ ಹಚ್ಚುವವರೆಗೆ ಎಲ್ಲ ಚೆನ್ನಾಗಿತ್ತು. ನೀರು ಬಿದ್ದೊಡನೆ ಅಣ್ಣಮ್ಮನ ಎಡಗೈ ಮಗುವಿನ ತೋಳನ್ನು ಹಿಡಿಯಿತು. ಬೆರಳ ಗೆಣ್ಣು ಬಿಳಿಚಿದ್ದು ನನಗೂ ಕಂಡಿತು, ಅಮ್ಮನಿಗೂ ಕಂಡಿತು. ಧೃತಿ ಉಸಿರುಗಟ್ಟಿ ಅತ್ತಳು. ಅಮ್ಮ ಮುಂದೆ ಬಂದು ಮಗುವನ್ನು ಟವೆಲಿನಲ್ಲಿ ಎತ್ತಿಕೊಂಡು ಹೊರಟಳು. ಹೋಗುವಾಗ, “ಭಾನುವಾರ ಭಾನುವಾರ ಗೋಡೆ ನೋಡ್ಕೊಂಡು ಕೂತಿದ್ದು ಇದಕ್ಕೇನಾ? ಉಸಿರಾಡೋದನ್ನ ಜಪಾನಿನವರು ಬಂದು ಹೇಳ್ಕೊಡಬೇಕಿತ್ತಾ ನಿನಗೆ?” ಅಂದಳು.

“ಹೇಳ್ಕೊಟ್ಟಿದ್ದು ಜೆಪಿ ನಗರದೋರು ಸೀತಮ್ಮೋರೆ,” ಅಂದರು ಅಣ್ಣಮ್ಮ. ತಮಾಷೆ ಮಾಡುವ ದನಿಯಿರಲಿಲ್ಲ.

ಮಗುವಿನದಾದ ಮೇಲೆ ನನ್ನ ಸ್ನಾನ. ಅದು ಮುಗಿಸಿ, ನನಗೆ ನಡುಕಟ್ಟು ಕಟ್ಟಲು ನಿಂತರು. ಬಟ್ಟೆಯ ಒಂದು ತುದಿ ನಾನು ಹಿಡಿದು ತಿರುಗಬೇಕು, ಇನ್ನೊಂದನ್ನು ಅವರು ಎಳೆಯಬೇಕು. “ಉಸಿರು ಒಳಗೆ ಎಳ್ಕೊಂಡು ಹಂಗೇ ಹಿಡ್ಕೋ,” ಅಂದರು. ಹಿಡಿದೆ. ಸುತ್ತು ಮೂರಾಯಿತು. ಗಂಟು ಬಿಗಿದ ಮೇಲೆ ಉಸಿರು ಬಿಟ್ಟು ಮತ್ತೆ ಎಳೆದರೆ ಅದು ಎದೆಯಿಂದ ಕೆಳಗೆ ಹೋಗಲೇ ಇಲ್ಲ. ಭುಜ ಮೇಲೆದ್ದಿತು. ಕೈ ತಾನಾಗಿ ಕಿಟಕಿಯ ಸರಳು ಹಿಡಿಯಿತು.

ದಿಂಬಿನ ಮೇಲೆ ಉಸಿರು ಇಳಿಯದ ಕಥೆಯನ್ನು ಅವರು ಆಗತಾನೇ ಎಣ್ಣೆ ತಿಕ್ಕುತ್ತಾ ಹೇಳಿದ್ದರು. ನನ್ನ ಮೈಮೇಲೆ ಅದು ನಡೆಯುತ್ತಿತ್ತು.

“ಅಣ್ಣಮ್ಮ, ನೀವು ಈಗ ಕಟ್ಟಿದೀರಾ?”

“ಏನನ್ನ?”

“ನಡುಕಟ್ಟು.”

“ಕೆಲಸಕ್ಕೆ ಬರೋವಾಗ ಕಟ್ಟದೇ ಬತ್ತಾರಾ?” ಅಂದವರು ಅಲ್ಲಿಗೇ ನಿಂತರು. ಸೀರೆಯ ಮೇಲೆ ಹೊಟ್ಟೆಗೆ ಕೈಯಿಟ್ಟು ನೋಡಿಕೊಂಡರು. ಭಾನುವಾರ ಬಿಚ್ಚಿ ಕೂರುವುದು, ಮಿಕ್ಕ ದಿನ ಕಟ್ಟಿ ಓಡಾಡುವುದು. ಮೂವತ್ತೆರಡು ವರ್ಷದ ಕೈ ಬೆಳಿಗ್ಗೆ ಎದ್ದು ತಾನಾಗಿ ಗಂಟು ಹಾಕಿತ್ತು; ಹಾಕಿದ್ದು ಅವರಿಗೇ ಗೊತ್ತಿಲ್ಲ.

“ದಿಂಬಿನ ಮೇಲೆ ಬೇರೆ, ಮಣೆ ಮೇಲೆ ಬೇರೆ ಅಂದ್ಕೊಬುಟ್ಟಿದ್ದೆ,” ಅಂದರು. ಆಮೇಲೆ ನನ್ನ ಗಂಟನ್ನು ಬಿಚ್ಚಿ, ಮತ್ತೆ ಕಟ್ಟಿದರು. ಈ ಸಲ ಎಳೆಯಲಿಲ್ಲ. ಎರಡು ಬೆರಳು ಒಳಗೆ ತೂರಿಸಿ ನೋಡಿ, “ಇಷ್ಟು ಸಾಕು. ಹೊಟ್ಟೆ ಬಿಡು ಮಗಾ,” ಅಂದರು. ಅವರ ಬಾಯಿಂದ ಆ ಮಾತು ಕೇಳಿದ ಮೊದಲ ಬಾಣಂತಿ ನಾನೇ ಇರಬೇಕು.

ಮಾರನೆಯ ದಿನ ಒಂದು ಗಂಟೆ ಮುಂಚೆ ಬಂದರು. ಸೀರೆ ಸೊಂಟದಲ್ಲಿ ಸ್ವಲ್ಪ ಸಡಿಲವಾಗಿ, ನಡಿಗೆ ಸ್ವಲ್ಪ ಅಗಲವಾಗಿ ಕಂಡಿತು. ಬಚ್ಚಲಲ್ಲಿ ಮಣೆ ಹಾಕಿ, ಕಾಲು ಚಾಚಿ, ನೀರು ತೋಡುವ ಮೊದಲು ಸುಮ್ಮನೆ ಕೂತರು. ಕೈ ಎರಡೂ ಹೊಕ್ಕುಳಿನ ಕೆಳಗೆ ಬಟ್ಟಲಾಗಿತ್ತು. ಅಮ್ಮ ಟವೆಲ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ನೀರು ಆರುತ್ತೆ,” ಅಂದಳು. ಅಣ್ಣಮ್ಮನ ಹೊಟ್ಟೆ ನಿಧಾನ ಉಬ್ಬುವುದು, ಇಳಿಯುವುದು ಸೀರೆಯ ಮೇಲೂ ಕಾಣುತ್ತಿತ್ತು. ಹತ್ತು ಆಯಿತೇನೋ. ಆಮೇಲೆ ಕೈ ಚಾಚಿದರು. “ಕೊಡಿ.”

ಧೃತಿಯನ್ನು ಕಾಲಮೇಲೆ ಮಲಗಿಸಿದರು. ಕಡಲೆಹಿಟ್ಟಿನ ಕೈ ಅವಳ ಎದೆಯ ಮೇಲೆ, ಹೊಟ್ಟೆಯ ಮೇಲೆ ಹೋಯಿತು. ಮಗು ಉಸಿರಾಡುವುದು ಹೊಟ್ಟೆಯಿಂದಲೇ. ಹುಟ್ಟಿ ಹದಿನಾರು ದಿನದಲ್ಲಿ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅಣ್ಣಮ್ಮ ತಮ್ಮ ಉಸಿರು ಹೊರಗೆ ಬಿಡುವಾಗ ಮಾತ್ರ ನೀರು ಹುಯ್ಯುತ್ತಿದ್ದರು. ಒಂದು ಉಸಿರು, ಒಂದು ಚೊಂಬು. ನೀರು ದಾರವಾಗಿ ಇಳಿಯುತ್ತಿತ್ತು. ಉಸಿರು ಒಳಗೆ ಹೋಗುವಾಗ ಚೊಂಬು ಹಂಡೆಗೆ ಹೋಗುತ್ತಿತ್ತು.

ಬೆನ್ನು ತೊಳೆಯಲು ಮಗುಚಿದರು. ತೊಳೆದಾಯಿತು. ಇನ್ನು ಮತ್ತೆ ಮಗುಚಬೇಕು. ಕುಮಾರಸ್ವಾಮಿ ಲೇಔಟಿನಲ್ಲಿ ಜಾರಿದ್ದು ಇಲ್ಲೇ ಅಂತ ಮೂವರಿಗೂ ಗೊತ್ತಿತ್ತು. ಅಮ್ಮ ಒಂದು ಹೆಜ್ಜೆ ಮುಂದಿಟ್ಟಳು. ಅಣ್ಣಮ್ಮ ಮಗುವಿನ ಎದೆಯ ಕೆಳಗೆ ಅಂಗೈ ಸೇರಿಸಿ ಎತ್ತುತ್ತಿದ್ದಾಗ ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತು.

ಧೃತಿ ಬೆಚ್ಚಿದಳು. ಎರಡೂ ಕೈ ಅಗಲ ಚಾಚಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿದಳು. ಮೈಯೆಲ್ಲ ಎಣ್ಣೆ, ನೀರು. ನಾನು ಅಣ್ಣಮ್ಮನ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದು ಮಗುವಿನ ಕಂಕುಳ ಹತ್ತಿರ ಇತ್ತು. ಒತ್ತಲಿಲ್ಲ, ಎತ್ತಲೂ ಇಲ್ಲ. ಮಗು ಎಷ್ಟು ಬಾಗಿತೋ ಕೈ ಅಷ್ಟೇ ಬಾಗಿತು. ಅಣ್ಣಮ್ಮನ ಉಸಿರು ಆಗ ಹೊರಗೆ ಹೋಗುತ್ತಿತ್ತು. ಅದು ತನ್ನ ಪಾಡಿಗೆ ಪೂರ್ತಿ ಹೋಗಿ ಮುಗಿಯಿತು. ಅಷ್ಟರಲ್ಲಿ ಧೃತಿ ಅಂಗಾತ ಮಲಗಿದ್ದಳು. ದೋಸೆ ಮಗುಚಿದಷ್ಟೇ ಸಲೀಸು. ಅವಳು ಸುತ್ತ ನೋಡಿದಳು, ಅಳಬೇಕೋ ಬೇಡವೋ ಅಂತ ಒಂದು ಕ್ಷಣ ತುಟಿ ಉಬ್ಬಿಸಿದಳು, ಆಮೇಲೆ ಅಣ್ಣಮ್ಮನ ಸೀರೆಯ ಮೇಲೆ ಉಚ್ಚೆ ಹುಯ್ದಳು.

“ನೋಡಿ, ನಮ್ಮವ್ವನೂ ಹೊಟ್ಟೆ ಬಿಟ್ಳು,” ಅಂದರು ಅಣ್ಣಮ್ಮ.

ಅಮ್ಮ ನಕ್ಕಿದ್ದನ್ನು ಟವೆಲಿನಲ್ಲಿ ಮುಚ್ಚಿಕೊಂಡಳು.

ಆ ಮಧ್ಯಾಹ್ನ ಅಮ್ಮ ಕುಮಾರಸ್ವಾಮಿ ಲೇಔಟಿಗೆ ಫೋನ್ ಮಾಡಿದಳು. ನಾನು ಮಗುವಿಗೆ ಹಾಲು ಕೊಡುತ್ತಾ ಒಳಗಿನಿಂದ ಕೇಳಿಸಿಕೊಂಡೆ. ಬಿಸಿಲು, ಹಬ್ಬದ ಸೀರೆ, ಯಾರದೋ ಮಂಡಿನೋವು ಎಲ್ಲ ಆದ ಮೇಲೆ, “ಅಣ್ಣಮ್ಮ ನಮ್ಮನೆಗೆ ಬರ್ತಿದಾಳೆ. ನಿನ್ನ ನಾದಿನಿ ಮಗಳಿಗೆ ಕಾರ್ತೀಕದಲ್ಲಿ ಅಲ್ವಾ ಡೇಟು? ಈಗಲೇ ಹೇಳಿಡು, ಆಮೇಲೆ ಸಿಗಲ್ಲ,” ಅಂದಳು. ಆ ಕಡೆಯವರು ಏನೋ ಕೇಳಿರಬೇಕು. “ಹೌದೇ, ನಾನೇ ನಿಂತು ನೋಡಿದೀನಿ,” ಅಂದಳು ಅಮ್ಮ.

ಅಣ್ಣಮ್ಮನ ಹಳೆಯ ನಡುಕಟ್ಟು ಈಗ ನಮ್ಮ ಮನೆಯಲ್ಲಿದೆ. ಒಗೆದು ಒಗೆದು ಬೆಣ್ಣೆಯ ಹಾಗಾದ ಬಟ್ಟೆ, ಎಸೆಯಲು ಅವರಿಗೆ ಮನಸ್ಸಿಲ್ಲ. ಕುದಿವ ನೀರಿಗೆ ಹಾಕಿ, ಬಿಸಿಲಿಗೆ ಒಣಗಿಸಿ, ನಾಲ್ಕು ತುಂಡು ಮಾಡಿ ತಂದುಕೊಟ್ಟರು. ಧೃತಿಯ ತೊಟ್ಟಿಲಲ್ಲಿ ಹಾಸಿದ್ದೇನೆ. ಅಂಗಡಿಯಿಂದ ತಂದ ಯಾವ ಬಟ್ಟೆಯೂ ಅಷ್ಟು ಚೆನ್ನಾಗಿ ನೀರು ಹೀರುವುದಿಲ್ಲ.

ಆ ವಾರದ ಕೊನೆಯಲ್ಲಿ ಹೊರಡುವ ಮುಂಚೆ ಅಣ್ಣಮ್ಮ ಬಾಗಿಲಲ್ಲಿ ನಿಂತು ಅಮ್ಮನಿಗೆ ಹೇಳಿದರು. “ನಾಳೆ ಭಾನುವಾರ ಸೀತಮ್ಮೋರೆ. ನೀರು ಹಾಕೋಕೆ ಹತ್ತು ಗಂಟೆ ಆಯ್ತದೆ. ಅದಕ್ಕೆ ಮುಂಚೆ ಜೆಪಿ ನಗರದಲ್ಲಿ ಕೂರಬೇಕು.”

ಹತ್ತು ಗಂಟೆಗೆ ಮಗುವಿಗೆ ನೀರು ಹಾಕಿದ ಚರಿತ್ರೆ ನಮ್ಮ ಮನೆಯಲ್ಲಿಲ್ಲ. ಎಂಟಕ್ಕೆ ಸ್ನಾನ ಮುಗಿದು, ಎಂಟೂವರೆಗೆ ತೊಟ್ಟಿಲು. ಅಮ್ಮ ಗಡಿಯಾರ ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಅಣ್ಣಮ್ಮನ ಕೈಗಳನ್ನು ನೋಡಿದಳು.

“ಕೂತ್ಕೊಂಡೇ ಬಾ,” ಅಂದಳು.